ಶಿಬಿರದಲ್ಲಿ ಮಗುವಿನ ಜೊತೆ ಇರುವವರು ಯಾರು? ಅದನ್ನು ಮೊದಲು ಕೇಳಿ

ಪ್ರಶ್ನೆ: ನಾವು ಮೈಸೂರಿನವರು. ಮಗನಿಗೆ ಎಂಟು ವರ್ಷ. ಕಳೆದ ಬೇಸಿಗೆಯಲ್ಲಿ ಮನೆ ಹತ್ತಿರದ ಒಂದು ಶಿಬಿರಕ್ಕೆ ಸೇರಿಸಿದ್ದೆವು. ಬೆಳಗ್ಗೆ ಒಂಬತ್ತೂವರೆಗೆ ಬಿಟ್ಟು ಸಂಜೆ ನಾಲ್ಕೂವರೆಗೆ ಕರೆದುಕೊಂಡು ಬರಬೇಕು. ಮೊದಲ ಮೂರು ದಿನ ಗೇಟಿನ ಹತ್ತಿರ ಅತ್ತು ರಂಪ ಮಾಡಿದ. ಆಮೇಲೆ ಸರಿಹೋದ. ಸಮಾರೋಪದ ನಾಟಕದಲ್ಲಿ ಅವನಿಗೆ ಪಾತ್ರವೇ ಇರಲಿಲ್ಲ, ಪರದೆ ಎಳೆಯುತ್ತಿದ್ದ. ‘ನಾನೇ ಕೇಳಿ ತಗೊಂಡೆ’ ಅಂತಾನೆ. ನಮ್ಮ ಮನೆಯವರಿಗೆ ತುಂಬ ಬೇಜಾರಾಯಿತು. ಮಗ ಮಾತ್ರ ಈ ವರ್ಷವೂ ಅಲ್ಲಿಗೇ ಹೋಗ್ತೀನಿ ಅಂತ ಹಟ ಹಿಡಿದಿದ್ದಾನೆ. ನನ್ನ ತಂಗಿ ಬಿ.ಇಡಿ. ಓದುತ್ತಿದ್ದಾಳೆ. ಅದೇ ಶಿಬಿರದಲ್ಲಿ ಚಿಕ್ಕ ಮಕ್ಕಳ ಗುಂಪನ್ನು ನೋಡಿಕೊಳ್ಳುತ್ತಿದ್ದಳು. ಅವಳು ಹೇಳುವ ಕಥೆಯೇ ಬೇರೆ. ಮೂವತ್ತು ಮಕ್ಕಳಿಗೆ ಅವಳೊಬ್ಬಳೇ. ವಾರದಲ್ಲಿ ಗಂಟಲು ಕಟ್ಟಿತು. ಕೊನೆಗೆ ಕೈಗೆ ಬಂದದ್ದು ಒಂದು ಸರ್ಟಿಫಿಕೇಟು. ಈಗ ಇನ್ನೊಂದು ಶಿಬಿರದವರು ಎಸಿ ಹಾಲ್, ಹತ್ತು ದಿನದಲ್ಲಿ ಇಪ್ಪತ್ತೊಂದು ಚಟುವಟಿಕೆ ಅಂತ ಕರಪತ್ರ ಕೊಟ್ಟಿದ್ದಾರೆ. ಎಲ್ಲಿಗೆ ಕಳಿಸಲಿ? ಯಾರ ಮಾತು ನಂಬಲಿ?

ಉತ್ತರ: ಎಲ್ಲರ ಮಾತೂ ನಂಬಿ. ಮಗ ಖುಷಿಯಾಗಿದ್ದ ಅನ್ನುವುದು ನಿಜ. ತಂಗಿ ಸೋತು ಬಂದಳು ಅನ್ನುವುದೂ ನಿಜ. ನಿಮ್ಮ ಮನೆಯವರಿಗೆ ಬೇಜಾರಾದದ್ದೂ ನಿಜ. ಒಂದೇ ಶಿಬಿರದ ಬಗ್ಗೆ ಇವೆಲ್ಲ ಒಟ್ಟಿಗೆ ನಿಜ ಆಗಬಹುದು. ಆದರೆ ಶಿಬಿರ ಹೇಗಿದೆ ಅಂತ ತಿಳಿಯಬೇಕಾದರೆ ನಾನು ಮೊದಲು ಕೇಳುವುದು ನಿಮ್ಮ ತಂಗಿಯ ಮಾತನ್ನು. ಅಪ್ಪ ಅಮ್ಮ ನೋಡುವುದು ಗೇಟು ಮತ್ತು ಸಮಾರೋಪ, ಎರಡೇ. ಮಗು ತನಗೆ ಇಷ್ಟವಾದದ್ದನ್ನು ಹೇಳುತ್ತದೆ, ಉಳಿದದ್ದನ್ನು ಮರೆತುಬಿಡುತ್ತದೆ. ನಡುವಿನ ಅಷ್ಟೂ ಹೊತ್ತನ್ನು ಕಣ್ಣಾರೆ ನೋಡುವವರು ಅಲ್ಲಿ ಕೆಲಸ ಮಾಡುವ ಹುಡುಗ ಹುಡುಗಿಯರು. ಮಕ್ಕಳ ಶಿಬಿರಗಳನ್ನು ನಡೆಸುತ್ತಾ, ಅಲ್ಲಿಗೆ ಬರುವ ಯುವಕ ಯುವತಿಯರನ್ನು ತಯಾರು ಮಾಡುತ್ತಾ ಬಂದ ಮೇಲೆ ನನಗೆ ಖಾತ್ರಿಯಾಗಿರುವುದು ಒಂದೇ. ಶಿಬಿರದವರು ತಮ್ಮ ಹುಡುಗರನ್ನು ಹೇಗೆ ನೋಡಿಕೊಳ್ಳುತ್ತಾರೋ ನಿಮ್ಮ ಮಗುವನ್ನೂ ಹಾಗೇ ನೋಡಿಕೊಳ್ಳುತ್ತಾರೆ.

ಯಾಕೆ ಅಂತ ಹೇಳುತ್ತೇನೆ. ಕರಪತ್ರ ತೆಗೆದು ನೋಡಿ. ಮುಖವಾಡ, ಒರಿಗಾಮಿ, ಜೇಡಿಮಣ್ಣಿನ ಗೊಂಬೆ, ವರ್ಲಿ ಚಿತ್ರ, ಕರಾಟೆ, ವೇದಗಣಿತ, ಒಲೆಯಿಲ್ಲದ ಅಡುಗೆ. ಒಂದೊಂದಕ್ಕೂ ಒಬ್ಬೊಬ್ಬ ಸಂಪನ್ಮೂಲ ವ್ಯಕ್ತಿ. ಅವರು ಬರುತ್ತಾರೆ, ಒಂದೂಕಾಲು ಗಂಟೆ ಹೇಳಿಕೊಡುತ್ತಾರೆ, ಬೈಕ್ ಹತ್ತಿ ಹೋಗುತ್ತಾರೆ. ನಿಮ್ಮ ಮಗ ಅಲ್ಲಿರುವುದು ಏಳು ಗಂಟೆ. ದಿನಕ್ಕೆ ಇಂಥ ಮೂರು ತರಗತಿ ನಡೆದರೂ ನಾಲ್ಕು ಗಂಟೆ ತುಂಬುವುದಿಲ್ಲ. ಉಳಿದ ಮೂರು ಗಂಟೆ ಎಲ್ಲಿ ಹೋಯಿತು? ಚಪ್ಪಲಿ ಬಿಡುವುದು, ಕೈ ತೊಳೆಯಲು ಸಾಲು ನಿಲ್ಲುವುದು, ಬಾತ್‌ರೂಮಿಗೆ ಹೋಗುವುದು, ತಿಂಡಿ, ಊಟ, ಮೇಷ್ಟ್ರು ಬರೋದು ತಡವಾದರೆ ಕಾಯುವುದು, ಸಂಜೆ ಗೇಟಿನಲ್ಲಿ ಕಾಯುವುದು. ಕರಪತ್ರದಲ್ಲಿ ಇದು ಯಾವುದೂ ಇರುವುದಿಲ್ಲ.

ಆದರೆ ಮಗುವಿಗೆ ಶಿಬಿರ ಅಂದರೆ ಬಹುಪಾಲು ಅದೇ. ಸ್ನೇಹ ಆಗುವುದು ಆಗ. ಜಗಳ ಆಗುವುದೂ ಆಗಲೇ. ಬೀಳುವುದು, ಬಟ್ಟೆ ಒದ್ದೆ ಮಾಡಿಕೊಳ್ಳುವುದು, ಯಾರೋ ಕೀಟಲೆ ಮಾಡಿ ಮೂಲೆಗೆ ಹೋಗಿ ಕೂರುವುದು, ಎಲ್ಲ ಆ ಹೊತ್ತಿನಲ್ಲೇ. ಊಟದ ಸಮಯ ನೋಡಿದ್ದೀರಾ? ಎಂಟು ವರ್ಷದ ಹುಡುಗ ಸ್ಟೀಲ್ ಡಬ್ಬಿಯ ಮುಚ್ಚಳ ತೆಗೆಯಲು ಹೆಣಗುತ್ತಿರುತ್ತಾನೆ. ಮನೆಯಲ್ಲಿ ಅಜ್ಜಿ ತೆಗೆದುಕೊಡುತ್ತಿದ್ದರು. ಇಲ್ಲಿ ಕೇಳಲು ನಾಚಿಕೆ. ಪಕ್ಕದವರೆಲ್ಲ ತಿಂದು ಎದ್ದಿರುತ್ತಾರೆ. ಇವನು ಡಬ್ಬಿಯನ್ನು ಹಾಗೇ ಬ್ಯಾಗಿಗೆ ಹಾಕಿ ಓಡುತ್ತಾನೆ. ಸಂಜೆ ನೀವು ಬ್ಯಾಗ್ ತೆಗೆದರೆ ಚಿತ್ರಾನ್ನ ಹಾಗೇ ಇದೆ. ‘ಹಸಿವಾಗಲಿಲ್ಲ’ ಅಂತಾನೆ. ಮಕ್ಕಳ ಸಾಲಿನಲ್ಲೇ ಕೂತು ಉಣ್ಣುವ ಒಬ್ಬ ಅಕ್ಕ ಇದ್ದರೆ ಅವಳು ಮಾತಾಡುತ್ತಲೇ ಆ ಮುಚ್ಚಳ ಸಡಿಲ ಮಾಡಿ ಅವನ ಮುಂದೆ ಇಡುತ್ತಾಳೆ. ಮೂವತ್ತು ಮಕ್ಕಳಿಗೆ ಒಬ್ಬಳೇ ಇದ್ದರೆ ಅದು ಅವಳ ಕಣ್ಣಿಗೇ ಬೀಳುವುದಿಲ್ಲ. ಅವಳದೂ ಊಟ ಆಗಿರುವುದಿಲ್ಲ.

ಈ ಮೂವತ್ತು ಅನ್ನುವ ಲೆಕ್ಕ ಎಲ್ಲಿಂದ ಬಂತು ಅಂತ ಯೋಚಿಸಿ. 2009ರ ಶಿಕ್ಷಣ ಹಕ್ಕು ಕಾಯ್ದೆ ಪ್ರಾಥಮಿಕ ಶಾಲೆಗೆ ಮೂವತ್ತು ಮಕ್ಕಳಿಗೆ ಒಬ್ಬ ಶಿಕ್ಷಕರು ಅನ್ನುತ್ತದೆ. ಶಾಲೆಯಲ್ಲಿ ಬೆಂಚು ಇದೆ, ಗಂಟೆ ಇದೆ, ವರ್ಷವಿಡೀ ನೋಡಿದ ಮುಖಗಳಿವೆ. ಶಿಬಿರದಲ್ಲಿ ಯಾರಿಗೂ ಯಾರ ಹೆಸರೂ ಗೊತ್ತಿಲ್ಲ. ಕೈಯಲ್ಲಿ ಕತ್ತರಿ ಇದೆ, ಬಣ್ಣ ಇದೆ, ಹೊರಗೆ ಬಯಲಿದೆ. ತರಗತಿಯ ಲೆಕ್ಕ ಇಲ್ಲಿಗೆ ಆಗಿಬರುವುದಿಲ್ಲ. ಹಗಲು ಶಿಬಿರಗಳಿಗೆ ಅಮೆರಿಕನ್ ಕ್ಯಾಂಪ್ ಅಸೋಸಿಯೇಷನ್ ಹಾಕಿಕೊಂಡಿರುವ ಲೆಕ್ಕ ಹೀಗಿದೆ: ಆರರಿಂದ ಎಂಟು ವರ್ಷದವರಾದರೆ ಎಂಟು ಮಕ್ಕಳಿಗೆ ಒಬ್ಬರು, ಒಂಬತ್ತರಿಂದ ಹದಿನಾಲ್ಕು ವರ್ಷದವರಾದರೆ ಹತ್ತು ಮಕ್ಕಳಿಗೆ ಒಬ್ಬರು. ಅದನ್ನೇ ಇಲ್ಲಿ ಪಾಲಿಸಲು ಆಗದಿರಬಹುದು. ನಾನು ಹತ್ತು ಹನ್ನೆರಡು ಮಕ್ಕಳಿಗೆ ಒಬ್ಬರು ಇರಲಿ ಅನ್ನುತ್ತೇನೆ. ಜೊತೆಗೆ ಯಾವ ಗುಂಪಿಗೂ ಸೇರದ ಇನ್ನಿಬ್ಬರು ಬೇಕು. ಒಂದು ಮಗು ವಾಂತಿ ಮಾಡಿಕೊಂಡರೆ, ಇನ್ನೊಂದಕ್ಕೆ ಮಂಡಿ ತರಚಿದರೆ ಅವರು ಓಡಬೇಕು. ಗುಂಪಿನ ಅಕ್ಕ ತನ್ನ ಮಕ್ಕಳನ್ನು ಬಿಟ್ಟು ಹೋಗುವ ಹಾಗೆ ಆಗಬಾರದು. ಲೆಕ್ಕ ಕೇಳುವಾಗ ಹುಷಾರು. ‘ಒಟ್ಟು ಎಷ್ಟು ಸಿಬ್ಬಂದಿ ಇದ್ದಾರೆ’ ಅಂತ ಕೇಳಿದರೆ ಆಫೀಸಿನವರು, ಡ್ರೈವರು, ಅಡುಗೆಯವರು ಎಲ್ಲರನ್ನೂ ಸೇರಿಸಿ ಹೇಳುತ್ತಾರೆ. ‘ಮಧ್ಯಾಹ್ನ ಊಟದ ಹೊತ್ತಿನಲ್ಲಿ ನನ್ನ ಮಗನ ಗುಂಪಿನ ಜೊತೆ ಎಷ್ಟು ಜನ ಕೂತಿರುತ್ತಾರೆ, ಅವರ ಹೆಸರೇನು’ ಅಂತ ಕೇಳಿ. ತಡವರಿಸದೆ ಹೆಸರು ಹೇಳಿದರೆ ಅರ್ಧ ಚಿಂತೆ ಬಿಡಿ.

ನಿಮ್ಮ ತಂಗಿಯ ಗಂಟಲಿನ ವಿಷಯವನ್ನು ಮನೆಯಲ್ಲಿ ಯಾರೂ ದೊಡ್ಡದಾಗಿ ತೆಗೆದುಕೊಂಡಿರಲಿಕ್ಕಿಲ್ಲ. ನಾನು ತೆಗೆದುಕೊಳ್ಳುತ್ತೇನೆ. ಗಂಟಲು ಕಟ್ಟಿದೆ ಅಂದರೆ ದಿನವಿಡೀ ಕಿರುಚಬೇಕಾಗಿ ಬಂದಿದೆ. ಹೊಸಬರಿಗೆ ಯಾರೂ ಒಂದು ದಿನವೂ ತರಬೇತಿ ಕೊಟ್ಟಿಲ್ಲ ಅನ್ನುವುದು ಅದರಲ್ಲೇ ಗೊತ್ತಾಗುತ್ತದೆ. ಮಕ್ಕಳನ್ನು ಸುಮ್ಮನಿರಿಸಲು ಧ್ವನಿ ಏರಿಸುವ ಅಗತ್ಯವೇ ಇಲ್ಲ. ರಂಗಭೂಮಿಯಿಂದ ಬಂದವರಿಗೆ ಇದು ಚೆನ್ನಾಗಿ ಗೊತ್ತು. ಒಬ್ಬರು ಚಪ್ಪಾಳೆಯಲ್ಲಿ ಒಂದು ತಾಳ ಹಾಕುತ್ತಾರೆ, ಕೇಳಿಸಿಕೊಂಡವರು ಅದನ್ನೇ ವಾಪಸ್ ಹಾಕುತ್ತಾರೆ. ಮೂರನೇ ಸಲಕ್ಕೆ ಇಡೀ ಬಯಲು ಒಂದೇ ತಾಳದಲ್ಲಿರುತ್ತದೆ. ನಾಲ್ಕನೇ ಸಲ ತಾಳ ಮೆಲ್ಲಗಾಗುತ್ತದೆ. ಐದನೆಯದಕ್ಕೆ ಬೆರಳಿನಲ್ಲಿ ಬೆರಳು ತಟ್ಟಿದರೂ ಸಾಕು, ಮಕ್ಕಳು ಕಿವಿಗೊಟ್ಟು ನಿಲ್ಲುತ್ತಾರೆ. ಹುಡುಗಿಗೆ ಇಂಥ ಹತ್ತಾರು ಉಪಾಯ ಕಲಿಸಿ ಕಳಿಸಲು ಎರಡು ದಿನ ಬೇಕು. ಆ ಎರಡು ದಿನಕ್ಕೆ ದುಡ್ಡು ಖರ್ಚು ಮಾಡದ ಶಿಬಿರ ಬ್ಯಾನರಿಗೆ ಖರ್ಚು ಮಾಡಿರುತ್ತದೆ.

ಸಂಬಳದ ವಿಷಯವೂ ಇದಕ್ಕೇ ಸೇರಿದ್ದು. ಬೇಸಿಗೆ ಶಿಬಿರದಲ್ಲಿ ಮಕ್ಕಳ ಜೊತೆ ಇರುವವರು ಹೆಚ್ಚಾಗಿ ಡಿ.ಇಡಿ., ಬಿ.ಇಡಿ. ಓದುವವರು, ರಂಗಶಿಕ್ಷಣ ಮುಗಿಸಿದವರು, ಡಿಗ್ರಿ ಹುಡುಗರು. ‘ಅನುಭವ ಸಿಗುತ್ತೆ, ಸರ್ಟಿಫಿಕೇಟ್ ಕೊಡ್ತೀವಿ’ ಅಂತ ಕರೆಸಿಕೊಳ್ಳುತ್ತಾರೆ. ಊರಿನ ಯುವಕ ಸಂಘವೋ ಗ್ರಂಥಾಲಯವೋ ಪುಕ್ಕಟೆ ನಡೆಸುವ ಶಿಬಿರವಾದರೆ ಸರಿ, ಅಲ್ಲಿ ಎಲ್ಲರೂ ಸೇವೆಗೇ ಬಂದಿರುತ್ತಾರೆ. ಆದರೆ ಒಂದೊಂದು ಮಗುವಿಂದ ಸಾವಿರಾರು ರೂಪಾಯಿ ತೆಗೆದುಕೊಂಡು, ಮಗುವಿನ ಜೊತೆ ಏಳು ಗಂಟೆ ಇದ್ದವಳಿಗೆ ಬರೀ ಕಾಗದ ಕೊಡುವುದು ಅನ್ಯಾಯ. ಅನ್ಯಾಯದ ಮಾತು ಹಾಗಿರಲಿ, ಅದರಿಂದ ಮಕ್ಕಳಿಗೂ ನಷ್ಟ. ದುಡ್ಡು ಕೊಡದಿದ್ದರೆ ಒಳ್ಳೆಯ ಹುಡುಗರು ಮುಂದಿನ ವರ್ಷ ಬರುವುದಿಲ್ಲ. ಹಾಗಾಗಿ ಪ್ರತಿ ಏಪ್ರಿಲ್‌ನಲ್ಲೂ ಹೊಸ ಮುಖ, ಹೊಸ ಗೊಂದಲ. ನಿಮಗೆ ಶಿಬಿರವನ್ನು ಅಳೆಯಲು ಒಂದೇ ಒಂದು ಪ್ರಶ್ನೆ ಕೇಳುವ ಅವಕಾಶ ಇದೆ ಅಂದುಕೊಳ್ಳಿ. ‘ಕಳೆದ ವರ್ಷ ಇದ್ದ ಅಕ್ಕ ಅಣ್ಣಂದಿರಲ್ಲಿ ಈ ವರ್ಷ ಎಷ್ಟು ಜನ ವಾಪಸ್ ಬಂದಿದ್ದಾರೆ?’ ಅಂತ ಕೇಳಿ.

ಈಗ ಪರದೆಯ ವಿಷಯ. ನಿಮ್ಮ ಮಗ ‘ನಾನೇ ಕೇಳಿ ತಗೊಂಡೆ’ ಅಂದದ್ದನ್ನು ದಯವಿಟ್ಟು ನಂಬಿ. ಪರದೆ ಎಳೆಯುವವನು ಇಡೀ ನಾಟಕ ಕೇಳಿಸಿಕೊಳ್ಳಬೇಕು. ಯಾವ ಮಾತಿಗೆ ಎಳೆಯಬೇಕು, ಹಾಡಿನ ಯಾವ ಸಾಲಿಗೆ ಬಿಡಬೇಕು ಎಲ್ಲ ಅವನ ತಲೆಯಲ್ಲಿರಬೇಕು. ಪಾತ್ರ ಮಾಡುವ ಮಗು ತನ್ನ ಮಾತು ಕಲಿತರೆ ಆಯಿತು. ಪರದೆಯವನಿಗೆ ಎಲ್ಲರ ಮಾತೂ ಬಾಯಿಪಾಠ. ಅವನನ್ನು ಒಮ್ಮೆ ಕೇಳಿ ನೋಡಿ, ಒಂದು ವರ್ಷ ಆಗಿದ್ದರೂ ನಾಟಕದ ಅರ್ಧಕ್ಕರ್ಧ ಒಪ್ಪಿಸಿದರೆ ಆಶ್ಚರ್ಯ ಪಡಬೇಡಿ. ಮೊದಲ ಮೂರು ದಿನ ಗೇಟು ದಾಟಲು ಅತ್ತ ಹುಡುಗ, ಕತ್ತಲಲ್ಲಿ ರಂಗದ ಪಕ್ಕ ನಿಂತು ಒಂದು ಹೊಣೆ ಹೊತ್ತಿದ್ದಾನೆ. ನಿಮ್ಮ ಮನೆಯವರಿಗೆ ಇದನ್ನು ಬಿಡಿಸಿ ಹೇಳಿ. ಅವರ ಬೇಜಾರು ಹುಡುಗನಿಗೆ ಗೊತ್ತಾಗಿದ್ದರೆ, ಅಪ್ಪನೇ ಅವನ ಬಳಿ ಕೂತು ‘ಪರದೆ ಎಳೆಯೋದು ಹೇಗೆ, ತೋರಿಸು’ ಅಂತ ಕೇಳಲಿ.

ಒಂದು ವೇಳೆ ಅವನು ಕೇಳದೆಯೇ, ಜೋರಾಗಿ ಮಾತಾಡುವ ನಾಲ್ಕು ಮಕ್ಕಳಿಗೆ ಪಾತ್ರ ಕೊಟ್ಟು ಇವನನ್ನು ಹಿಂದೆ ತಳ್ಳಿದ್ದರೆ ಅದು ಬೇರೆ ಮಾತು. ಅದೂ ನಡೆಯುತ್ತದೆ. ಅದರಲ್ಲಿ ನಮ್ಮ, ಅಂದರೆ ದೊಡ್ಡವರ ಪಾಲು ಜಾಸ್ತಿ. ಸಮಾರೋಪಕ್ಕೆ ಅಪ್ಪ ಅಮ್ಮ ಮೊಬೈಲ್ ಹಿಡಿದು ಬರುತ್ತಾರೆ, ನೆಂಟರು ಬರುತ್ತಾರೆ, ಮುಖ್ಯ ಅತಿಥಿ ಬರುತ್ತಾರೆ. ಕಾರ್ಯಕ್ರಮ ಚೆನ್ನಾಗಿ ಬಂದರೆ ಮುಂದಿನ ವರ್ಷದ ದಾಖಲಾತಿ ಗ್ಯಾರಂಟಿ. ಹಾಗಾಗಿ ಕೊನೆಯ ದಿನಗಳು ಬಂತೆಂದರೆ ಆಟ ನಿಲ್ಲುತ್ತದೆ, ರಿಹರ್ಸಲ್ ಶುರುವಾಗುತ್ತದೆ. ಹತ್ತು ದಿನದ ಶಿಬಿರದಲ್ಲಿ ನಾಲ್ಕು ದಿನ ಬರೀ ಸ್ಟೇಜ್ ಮೇಲೆ ಸಾಲು ನಿಲ್ಲಿಸುವುದರಲ್ಲೇ ಹೋಗುತ್ತದೆ. ಅಕ್ಕಂದಿರು ಬೈಯುವುದು, ಮಕ್ಕಳು ಅಳುವುದು ಆಗಲೇ ಜಾಸ್ತಿ. ಕೆಲಸ ಬಿಟ್ಟುಹೋಗುವ ಹುಡುಗ ಹುಡುಗಿಯರನ್ನು ಕೇಳಿದರೆ ಹೆಚ್ಚಿನವರು ಹೇಳುವುದು ಈ ಕೊನೆಯ ದಿನಗಳ ಕಥೆಯನ್ನೇ. ನನ್ನ ಅಭಿಪ್ರಾಯ ಕೇಳಿದರೆ, ಎರಡು ವಾರಕ್ಕಿಂತ ಕಡಿಮೆ ದಿನದ ಶಿಬಿರಕ್ಕೆ ಸಮಾರೋಪದ ನಾಟಕವೇ ಬೇಡ. ಕೊನೆಯ ಮಧ್ಯಾಹ್ನ ಅಪ್ಪ ಅಮ್ಮ ಬರಲಿ, ಮಕ್ಕಳ ಜೊತೆ ನೆಲದ ಮೇಲೆ ಕೂತು ಅವರು ಮಾಡಿದ ಗೊಂಬೆ ನೋಡಲಿ, ಅವರು ಕಲಿತ ಆಟ ಆಡಲಿ, ಪಾನಕ ಕುಡಿದು ಮನೆಗೆ ಹೋಗಲಿ.

ನಾಟಕವೇ ಬೇಕು ಅಂದರೆ ಅದಕ್ಕೆ ಸಮಯ ಕೊಡುವ ಕಡೆ ಹೋಗಬೇಕು. ಮೈಸೂರಿನವರಿಗೆ ಇದನ್ನು ನಾನು ಹೇಳಬೇಕಾಗಿಲ್ಲ. 1989ರಲ್ಲಿ ಬಿ.ವಿ. ಕಾರಂತರ ನಿರ್ದೇಶನದಲ್ಲಿ ಶುರುವಾದ ರಂಗಾಯಣ ವರ್ಷವರ್ಷವೂ ‘ಚಿಣ್ಣರ ಮೇಳ’ ನಡೆಸುತ್ತಾ ಬಂದಿದೆ. ಅಲ್ಲಿ ಮಕ್ಕಳು ಸುಮಾರು ಒಂದು ತಿಂಗಳು ಗುಂಪುಗುಂಪಾಗಿ ಇರುತ್ತಾರೆ. ನಾಟಕ ಬರುವುದು ಕೊನೆಯಲ್ಲಿ. ಅಷ್ಟು ಹೊತ್ತಿಗೆ ಗುಂಪು ಒಂದು ಮನೆಯ ಮಕ್ಕಳ ಹಾಗೆ ಆಗಿರುತ್ತದೆ. ಅಲ್ಲಿ ಸೀಟಿಗೆ ಪೈಪೋಟಿ ಇದೆ, ಅರ್ಜಿ ಕೊಡುವ ದಿನ ಮೊದಲೇ ವಿಚಾರಿಸಿಕೊಳ್ಳಿ. ದುಡ್ಡಿನ ತೊಂದರೆ ಇದ್ದವರು ಬಾಲಭವನದವರ ಬೇಸಿಗೆ ಶಿಬಿರ ಕೇಳಿ ನೋಡಬಹುದು. ಬೆಂಗಳೂರಿನವರಿಗೆ ಕಬ್ಬನ್ ಪಾರ್ಕಿನ ಬಾಲಭವನ ಗೊತ್ತೇ ಇದೆ. ಹಳ್ಳಿಗಳಲ್ಲಿ ಗ್ರಾಮ ಪಂಚಾಯಿತಿ ಗ್ರಂಥಾಲಯಗಳು, ಈಗ ಅವನ್ನು ಅರಿವು ಕೇಂದ್ರ ಅನ್ನುತ್ತಾರೆ, ಈಚಿನ ವರ್ಷಗಳಲ್ಲಿ ಮಕ್ಕಳಿಗೆ ಉಚಿತವಾಗಿ ಬೇಸಿಗೆ ಶಿಬಿರ ಮಾಡುತ್ತಿವೆ. ಕಥೆ ಓದುವುದು, ಚದುರಂಗ, ಕಾಗದದ ಕೆಲಸ, ಇಷ್ಟೇ ಇದ್ದರೂ ಅಲ್ಲಿನ ಮೇಲ್ವಿಚಾರಕರಿಗೆ ಪ್ರತಿ ಮಗುವಿನ ಅಪ್ಪ ಅಮ್ಮ ಯಾರು ಅಂತ ಗೊತ್ತಿರುತ್ತದೆ. ಅದು ಸಣ್ಣ ಮಾತಲ್ಲ. ಮಕ್ಕಳನ್ನು ಶಾಲೆಯ ಹೊರಗೆ ಸೇರಿಸಿ ಹಾಡಿಸುವುದು, ಆಡಿಸುವುದು ನಮ್ಮಲ್ಲಿ ಹೊಸದೇನಲ್ಲ. ಆರ್. ಕಲ್ಯಾಣಮ್ಮನವರು ಬೆಂಗಳೂರಿನಲ್ಲಿ ಮಕ್ಕಳ ಕೂಟ ಕಟ್ಟಿದ್ದು 1938ರಲ್ಲಿ. ಪುತ್ತೂರಿನ ಬಾಲವನದಲ್ಲಿ ಶಿವರಾಮ ಕಾರಂತರು ಮಕ್ಕಳ ಜೊತೆ ನಡೆಸಿದ ಪ್ರಯೋಗಗಳೂ ಹಳೆಯವೇ. ಅವರು ಯಾರೂ ಚಟುವಟಿಕೆಯ ಪಟ್ಟಿ ತೋರಿಸಿ ಮಕ್ಕಳನ್ನು ಕರೆಯಲಿಲ್ಲ.

ಎಸಿ ಹಾಲಿನ ಬಗ್ಗೆ ಕೇಳಿದಿರಿ. ಏಪ್ರಿಲ್ ಎರಡನೇ ವಾರದಿಂದ ಮೇ ಕೊನೆಯವರೆಗೆ, ಸುಮಾರು ಏಳು ವಾರ ಶಾಲೆಗೆ ರಜೆ. ವರ್ಷದಲ್ಲೇ ಬಿಸಿಲು ಜೋರಾಗಿರುವ ಹೊತ್ತು. ಹಾಗಾಗಿ ತಂಪಿನ ಜಾಗ ಬೇಕು ಅನ್ನುವುದು ಸರಿಯೇ. ಆದರೆ ಮೈಸೂರಿಗೆ ಎಸಿಗಿಂತ ಒಂದು ದೊಡ್ಡ ಹೊಂಗೆ ಮರವೋ ಹೆಂಚಿನ ಮಾಡಿನ ಹಜಾರವೋ ಮೇಲು. ಎಸಿ ಹಾಕಿದ ಕೂಡಲೇ ಬಾಗಿಲು ಮುಚ್ಚುತ್ತದೆ, ಓಡಾಟ ನಿಲ್ಲುತ್ತದೆ, ಲಗೋರಿ, ಕುಂಟೆಬಿಲ್ಲೆ ಎಲ್ಲ ಕಟ್. ಕಲಬುರಗಿ, ರಾಯಚೂರಿನ ಕಡೆ ನಲವತ್ತು ಡಿಗ್ರಿ ದಾಟುತ್ತದೆ, ಅಲ್ಲಿ ಶಿಬಿರ ಬೆಳಗ್ಗೆ ಬೇಗ ಶುರುವಾಗಿ ಹನ್ನೊಂದರೊಳಗೆ ಮುಗಿದರೆ ಒಳ್ಳೆಯದು. ಎಲ್ಲೇ ಆಗಲಿ, ನೀರು ಎಲ್ಲಿದೆ, ಯಾರು ಕುಡಿಸುತ್ತಾರೆ ಅಂತ ನೋಡಿ. ಆಟದಲ್ಲಿ ಮುಳುಗಿದ ಮಗು ಬಾಯಾರಿಕೆ ಅಂತ ತಾನಾಗಿ ಹೇಳುವುದಿಲ್ಲ. ಪ್ರತಿ ಆಟದ ಮಧ್ಯೆ ನಿಲ್ಲಿಸಿ ಎಲ್ಲರಿಗೂ ಕುಡಿಸಬೇಕು. ತಲೆನೋವು, ವಾಕರಿಕೆ, ತಲೆಸುತ್ತು ಅಂದ ಮಗುವನ್ನು ಕೂಡಲೇ ನೆರಳಿಗೆ ಕರೆದುಕೊಂಡು ಹೋಗಿ, ಒದ್ದೆ ಬಟ್ಟೆಯಲ್ಲಿ ಮೈ ಒರೆಸಿ, ಒಆರ್‌ಎಸ್ ನೀರನ್ನು ಗುಟುಕು ಗುಟುಕಾಗಿ ಕೊಡಬೇಕು. ಮಗು ತೊದಲಿದರೆ, ಮಂಕಾದರೆ, ಎಚ್ಚರ ತಪ್ಪಿದರೆ ಬಾಯಿಗೆ ಏನೂ ಹಾಕದೆ 108ಕ್ಕೆ ಫೋನ್ ಮಾಡಬೇಕು. ಇದು ಅಲ್ಲಿನ ಪ್ರತಿಯೊಬ್ಬ ಹುಡುಗ ಹುಡುಗಿಗೂ ಗೊತ್ತಿರಬೇಕು, ಬರೀ ವ್ಯವಸ್ಥಾಪಕರಿಗೆ ಗೊತ್ತಿದ್ದರೆ ಸಾಲದು.

ಇನ್ನೊಂದು ಸಂಗತಿಯನ್ನು ಜನ ಯೋಚಿಸುವುದೇ ಇಲ್ಲ. ಅಶ್ವಿನಿ, ಭರಣಿ ಮಳೆ ಬರುವುದು ಇದೇ ದಿನಗಳಲ್ಲಿ, ಅದೂ ಮಧ್ಯಾಹ್ನದ ಮೇಲೆ. ಅಂದರೆ ಸರಿಯಾಗಿ ಮಕ್ಕಳನ್ನು ಮನೆಗೆ ಬಿಡುವ ಹೊತ್ತಿಗೆ. ಗುಡುಗು ಸಿಡಿಲು, ಗಾಳಿ, ಮುರಿದುಬೀಳುವ ಕೊಂಬೆ. ಗೇಟಿನಲ್ಲಿ ಐವತ್ತು ಸ್ಕೂಟರ್, ಇಪ್ಪತ್ತು ಕಾರು, ಎಲ್ಲರಿಗೂ ಅವಸರ. ಮಗು ಅಪ್ಪನ ಗಾಡಿ ನೋಡಿ ರಸ್ತೆಗೆ ಓಡುತ್ತದೆ. ಮೋಡ ಕಟ್ಟಿದ ದಿನ ಮಕ್ಕಳನ್ನು ಮರದ ಕೆಳಗಲ್ಲ, ಕಟ್ಟಡದ ಒಳಗೆ ಕೂರಿಸಬೇಕು. ಒಬ್ಬೊಬ್ಬರ ಹೆಸರು ಕರೆದು, ಬಂದವರ ಮುಖ ನೋಡಿ ಕಳಿಸಬೇಕು. ಯಾರು ಕರೆದುಕೊಂಡು ಹೋಗಬಹುದು ಅಂತ ಮೊದಲ ದಿನವೇ ಬರೆಸಿಕೊಳ್ಳುವ ಶಿಬಿರ ಒಳ್ಳೆಯದು. ‘ನಾನು ಅವನ ಚಿಕ್ಕಪ್ಪ’ ಅಂತ ಬಂದವರನ್ನು ಗೇಟಿನಲ್ಲೇ ನಿಲ್ಲಿಸಿ ನಿಮಗೆ ಫೋನ್ ಮಾಡಿದರೆ ಸಿಟ್ಟಾಗಬೇಡಿ. ಆ ಹುಡುಗಿ ತನ್ನ ಕೆಲಸ ಮಾಡುತ್ತಿದ್ದಾಳೆ.

ಮುಜುಗರದ ವಿಷಯವನ್ನೂ ನೇರವಾಗಿ ಹೇಳಿಬಿಡುತ್ತೇನೆ. ಬಾತ್‌ರೂಮು ಎಲ್ಲಿದೆ, ಅಲ್ಲಿಗೆ ಮಗುವಿನ ಜೊತೆ ಯಾರು ಹೋಗುತ್ತಾರೆ ಅಂತ ಕೇಳಲು ಸಂಕೋಚ ಬೇಡ. ಯಾವ ದೊಡ್ಡವರೂ ಒಂದೇ ಮಗುವಿನ ಜೊತೆ ಮುಚ್ಚಿದ ಬಾಗಿಲ ಹಿಂದೆ ಇರಬಾರದು. ಸಂಪನ್ಮೂಲ ವ್ಯಕ್ತಿ ಎಷ್ಟೇ ಹೆಸರುವಾಸಿಯಾಗಿರಲಿ, ಈ ನಿಯಮ ಅವರಿಗೂ ಒಂದೇ. ಇದು ಮಕ್ಕಳನ್ನು ಕಾಯುತ್ತದೆ, ನಿಮ್ಮ ತಂಗಿಯಂಥ ಪ್ರಾಮಾಣಿಕ ಹುಡುಗಿಯರನ್ನೂ ಸುಳ್ಳು ಅಪವಾದದಿಂದ ಕಾಯುತ್ತದೆ. 2012ರ ಪೋಕ್ಸೊ ಕಾಯ್ದೆಯ ಪ್ರಕಾರ ಮಗುವಿನ ಮೇಲೆ ಲೈಂಗಿಕ ದೌರ್ಜನ್ಯ ನಡೆದದ್ದು ಗೊತ್ತಾದರೆ ಪೊಲೀಸರಿಗೆ ತಿಳಿಸುವುದು ಕಡ್ಡಾಯ. ತಿಳಿಸದೆ ಮುಚ್ಚಿಟ್ಟರೆ ಆರು ತಿಂಗಳವರೆಗೆ ಜೈಲು ಅಥವಾ ದಂಡ, ಇಲ್ಲವೇ ಎರಡೂ. ತನ್ನ ಕೈಕೆಳಗಿನವರ ಅಪರಾಧವನ್ನು ಸಂಸ್ಥೆಯ ಮುಖ್ಯಸ್ಥರೇ ಮುಚ್ಚಿಟ್ಟರೆ ಒಂದು ವರ್ಷದವರೆಗೆ. ‘ಶಿಬಿರದ ಹೆಸರು ಕೆಡುತ್ತೆ, ನಾವೇ ಒಳಗೊಳಗೇ ಮಾತಾಡಿ ಮುಗಿಸೋಣ’ ಅನ್ನುವ ಮಾತಿಗೆ ಅಲ್ಲಿ ಜಾಗವೇ ಇಲ್ಲ. ಮಕ್ಕಳ ಸಹಾಯವಾಣಿ 1098ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ ಫೋನ್ ಮಾಡಬಹುದು. ಇದನ್ನು ಶಿಬಿರದ ಗೋಡೆ ಮೇಲೆ ದೊಡ್ಡದಾಗಿ ಬರೆದಿರಬೇಕು, ಮಕ್ಕಳಿಗೆ ಓದುವಷ್ಟು ಎತ್ತರದಲ್ಲಿ.

ಅಳುವಿನ ಬಗ್ಗೆ ಸ್ವಲ್ಪ. ಮೂರು ದಿನ ಅಳುವುದು ಏನೂ ಅಲ್ಲ. ಹೊಸ ಜಾಗ, ಹೊಸ ಮಕ್ಕಳು, ಗೊತ್ತಿಲ್ಲದ ದೊಡ್ಡವರು. ತಪ್ಪಿಸಬೇಕಾದದ್ದು ಒಂದಿದೆ. ಮಗು ಆಟಿಕೆ ನೋಡುತ್ತಿರುವಾಗ ಹಿಂದಿನಿಂದ ಸದ್ದಿಲ್ಲದೆ ಜಾರಿಕೊಳ್ಳಬೇಡಿ. ಆಗ ಮರುದಿನ ಅದು ನಿಮ್ಮ ಕೈಯನ್ನೇ ಬಿಡುವುದಿಲ್ಲ. ‘ಊಟ ಆದ ಮೇಲೆ ಎರಡು ಆಟ ಆಡ್ತೀಯ, ಆಮೇಲೆ ನಾನು ಬರ್ತೀನಿ’ ಅಂತ ಹೇಳಿ, ಅಕ್ಕನ ಕೈಗೆ ಕೊಟ್ಟು, ತಿರುಗಿ ನೋಡದೆ ಹೊರಡಿ. ಹೇಳಿದ ಹೊತ್ತಿಗೆ ಬನ್ನಿ. ಗೇಟಿನ ಆಚೆ ನಿಂತು ಇಣುಕುವ ಅಮ್ಮನನ್ನು ಮಗು ಕಂಡರೆ ಹತ್ತು ನಿಮಿಷದ ಅಳು ಒಂದು ಗಂಟೆಗೆ ಹೋಗುತ್ತದೆ, ಗುಂಪಿನ ಉಳಿದ ಮಕ್ಕಳೂ ಶುರು ಹಚ್ಚಿಕೊಳ್ಳುತ್ತಾರೆ. ಒಂದು ವಾರ ಕಳೆದರೂ ಬೆಳಗ್ಗೆ ಹೊಟ್ಟೆನೋವು ಅಂದರೆ, ಒಬ್ಬ ನಿರ್ದಿಷ್ಟ ವ್ಯಕ್ತಿಯ ಹೆಸರು ಕೇಳಿ ಮುದುಡಿದರೆ, ರಾತ್ರಿ ಬೆಚ್ಚಿಬಿದ್ದರೆ ಮಾತ್ರ ಅದನ್ನು ಹಟ ಅಂತ ತಳ್ಳಿಹಾಕಬೇಡಿ. ಶಿಬಿರ ನಿಲ್ಲಿಸಿ, ಮಗುವನ್ನು ಮಾತಾಡಿಸಿ.

ಸಂಜೆ ಮಾತಾಡಿಸುವುದಕ್ಕೂ ಒಂದು ರೀತಿ ಇದೆ. ‘ಇವತ್ತು ಏನ್ ಕಲ್ತೆ?’ ಅಂತ ಕೇಳಿದರೆ ‘ಏನೂ ಇಲ್ಲ’ ಅನ್ನುವ ಉತ್ತರವೇ ಬರುವುದು. ‘ಯಾರ ಪಕ್ಕ ಕೂತು ಊಟ ಮಾಡ್ದೆ? ಯಾರ ಡಬ್ಬೀಲಿ ಏನಿತ್ತು?’ ಅಂತ ಕೇಳಿ ನೋಡಿ. ಪುಳಿಯೋಗರೆಯಿಂದ ಶುರುವಾಗಿ ಇಡೀ ದಿನ ಬಿಚ್ಚಿಕೊಳ್ಳುತ್ತದೆ. ಪಕ್ಕದಲ್ಲಿ ಯಾರೂ ಇರಲಿಲ್ಲ ಅಂತ ಎರಡು ದಿನ ಸತತ ಹೇಳಿದರೆ, ಮರುದಿನ ಗುಂಪಿನ ಅಕ್ಕನಿಗೆ ಮೆಲ್ಲಗೆ ತಿಳಿಸಿ.

ಈಗ ನಿಮ್ಮಂಥ ಪೋಷಕರ ಕಡೆಯ ಮಾತು. ತಂಗಿಯನ್ನು ಕೇಳಿ, ಅವಳನ್ನು ಜಾಸ್ತಿ ನೋಯಿಸಿದ್ದು ಮಕ್ಕಳೋ ಪೋಷಕರೋ ಅಂತ. ಮಕ್ಕಳು ಕಚ್ಚುತ್ತಾರೆ, ಬಣ್ಣ ಎರಚುತ್ತಾರೆ, ಮರುಕ್ಷಣ ಬಂದು ತೊಡೆ ಮೇಲೆ ಕೂರುತ್ತಾರೆ. ಅದು ನೋವಾಗಿ ಉಳಿಯುವುದಿಲ್ಲ. ನಾಲ್ಕೂವರೆಗೆ ಬರಬೇಕಾದವರು ಐದೂಮುಕ್ಕಾಲಿಗೆ ಬಂದು, ‘ಟ್ರಾಫಿಕ್ಕು’ ಅಂತ ಒಂದು ಮಾತು ಎಸೆದು ಹೋದರೆ ಉಳಿಯುತ್ತದೆ. ಆ ಒಂದು ಮಗುವಿಗಾಗಿ ಅವಳು ಬಸ್ಸು ತಪ್ಪಿಸಿಕೊಂಡಿರುತ್ತಾಳೆ. ಮಗುವಿಗೆ ಕಡಲೆಕಾಯಿ ಆಗುವುದಿಲ್ಲ, ಫಿಟ್ಸ್ ಬರುತ್ತೆ, ಉಬ್ಬಸಕ್ಕೆ ಇನ್‌ಹೇಲರ್ ಬೇಕು ಅಂತ ಫಾರ್ಮಿನಲ್ಲಿ ಬರೆಯದೆ ಮುಚ್ಚಿಡುವವರಿದ್ದಾರೆ, ಸೀಟು ಸಿಗಲ್ಲ ಅನ್ನುವ ಭಯಕ್ಕೆ. ಆಟಿಸಂ ಇರುವ, ಕಿವಿ ಮಂದ ಇರುವ ಮಕ್ಕಳ ಅಪ್ಪ ಅಮ್ಮಂದಿರ ಆ ಭಯ ನನಗೆ ಅರ್ಥವಾಗುತ್ತದೆ. ‘ನಮ್ಮಲ್ಲಿ ಆಗಲ್ಲ’ ಅಂತ ಮುಖದ ಮೇಲೆ ಹೇಳಿ ಕಳಿಸಿದ ಶಿಬಿರಗಳು ಇವೆ, ಅದು ತಪ್ಪು. ಆದರೂ ಮುಚ್ಚಿಡಬೇಡಿ. ಗುಂಪಿನ ಅಕ್ಕನ ಜೊತೆ ಮೊದಲ ದಿನ ಹದಿನೈದು ನಿಮಿಷ ಕೂತು, ಮಗುವಿಗೆ ಯಾವ ಸದ್ದು ಆಗುವುದಿಲ್ಲ, ಸಿಟ್ಟು ಬಂದಾಗ ಹೇಗೆ ಸಮಾಧಾನ ಮಾಡಬೇಕು ಅಂತ ಹೇಳಿ. ಅಪ್ಪ ಅಮ್ಮ ಹಾಗೆ ಹೇಳಿದಾಗ ಮಕ್ಕಳು ತುಂಬ ಚೆನ್ನಾಗಿ ಹೊಂದಿಕೊಂಡದ್ದನ್ನು ನಾನು ಮತ್ತೆ ಮತ್ತೆ ನೋಡಿದ್ದೇನೆ.

ಕೊನೆಗೆ, ಎಲ್ಲಿಗೆ ಕಳಿಸಬೇಕು? ಇಪ್ಪತ್ತೊಂದು ಚಟುವಟಿಕೆಯ ಶಿಬಿರ ಬೇಡ. ಹತ್ತು ದಿನಕ್ಕೆ ಇಪ್ಪತ್ತೊಂದು ಅಂದರೆ ಜೇಡಿಮಣ್ಣು ಒಣಗುವ ಮೊದಲೇ ಮಗು ಬೇರೆ ಕೋಣೆಯಲ್ಲಿರುತ್ತದೆ. ಮಗ ಕೇಳುತ್ತಿರುವ ಹಳೆಯ ಶಿಬಿರದವರ ಬಳಿ ಹೋಗಿ. ಅವನಿಗೆ ಅಲ್ಲಿ ಗೆಳೆಯರಿದ್ದಾರೆ, ಅದಕ್ಕೆ ಬೆಲೆ ಇದೆ. ಆದರೆ ಒಬ್ಬರೇ ಹೋಗಬೇಡಿ, ಕಳೆದ ವರ್ಷದ ನಾಲ್ಕೈದು ಪೋಷಕರನ್ನು ಸೇರಿಸಿಕೊಳ್ಳಿ. ಈ ಸಲ ಗುಂಪಿಗೆ ಹನ್ನೆರಡು ಮಕ್ಕಳಿಗಿಂತ ಜಾಸ್ತಿ ಬೇಡ, ಹೊಸ ಹುಡುಗರಿಗೆ ಎರಡು ದಿನ ತರಬೇತಿ ಕೊಡಿ, ಅವರಿಗೆ ಗೌರವಧನ ಕೊಡಿ ಅಂತ ಕೇಳಿ. ಅದಕ್ಕಾಗಿ ಶುಲ್ಕ ಸ್ವಲ್ಪ ಏರಿದರೂ ಕೊಡಲು ತಯಾರಿದ್ದೀವಿ ಅಂತಲೂ ಹೇಳಿ. ಪೋಷಕರು ಹೀಗೆ ಕೇಳಿದಾಗ ನಡೆಸುವವರು ಬದಲಾಗುತ್ತಾರೆ, ಯಾಕೆಂದರೆ ಇಲ್ಲಿಯವರೆಗೆ ಅವರನ್ನು ಯಾರೂ ಕೇಳಿಯೇ ಇರುವುದಿಲ್ಲ. ಒಪ್ಪದಿದ್ದರೆ ಚಿಣ್ಣರ ಮೇಳಕ್ಕೆ ಅರ್ಜಿ ಹಾಕಿ. ಸೀಟು ಸಿಗದಿದ್ದರೆ ಬಾಲಭವನ. ಎರಡೂ ಆಗದಿದ್ದರೆ ಅಜ್ಜಿ ಮನೆಗೆ ಕಳಿಸಿ, ಅದೇನು ಕಡಿಮೆಯದಲ್ಲ.

ತಂಗಿಗೆ ನನ್ನ ಪರವಾಗಿ ಹೇಳಿ, ಈ ಕೆಲಸ ಬಿಡಬೇಡ ಅಂತ. ಮುಂದೆ ಅವಳು ಒಳ್ಳೆಯ ಮೇಷ್ಟ್ರಾಗುವುದಕ್ಕೆ ಶಿಬಿರದ ಒಂದು ಬೇಸಿಗೆ ತುಂಬ ಸಹಾಯ ಮಾಡುತ್ತದೆ. ಆದರೆ ಈ ಸಲ ಒಪ್ಪುವ ಮೊದಲು ಎಷ್ಟು ಮಕ್ಕಳು, ಜೊತೆಗೆ ಇನ್ನೊಬ್ಬರು ಯಾರು, ಊಟದ ಬಿಡುವು ಯಾವಾಗ, ಎಷ್ಟು ದುಡ್ಡು, ಯಾವ ತಾರೀಕಿಗೆ ಅಂತ ವಾಟ್ಸ್ಆ್ಯಪ್‌ನಲ್ಲಾದರೂ ಬರೆಸಿಕೊಳ್ಳಲಿ. ಮೊದಲ ದಿನ ಹೋಗುವಾಗ ಕುತ್ತಿಗೆಗೆ ಒಂದು ವಿಷಲ್, ಚೀಲದಲ್ಲಿ ನಾಲ್ಕು ಒಆರ್‌ಎಸ್ ಪೊಟ್ಟಣ, ಮಕ್ಕಳ ಹೆಸರು ಬರೆಯಲು ಒಂದು ಸಣ್ಣ ನೋಟ್‌ಬುಕ್ ಇರಲಿ. ಗಂಟಲಿಗೆ ಬಿಸಿನೀರು ಒಯ್ಯಲಿ.